ವಿನ್ನಿಪೆಗ್ ನಡುವೆ ಫ್ರೆಂಚ್ ಎಲ್ಲಿಂದ ಬಂತು?

ಊರಿನಿಂದ ಕೆನಡಾದ ವಿನ್ನಿಪೆಗ್ ನಗರಕ್ಕೆ ಬಂದ ನೆಂಟರನ್ನು ರೆಡ್ ನದಿಯ ಸೇತುವೆ ದಾಟಿಸಿ, ನಗರದ ಫ್ರೆಂಚ್ ಬಡಾವಣೆಯಾದ ಸೇಂಟ್ ಬೋನಿಫೇಸ್‌ಗೆ ಕರೆದೊಯ್ದರೆ, ಮೊದಲು ಅವರ ಕಣ್ಣಿಗೆ ಬೀಳುವುದು ಎರಡು ಭಾಷೆಗಳಲ್ಲಿ ‘ನಿಲ್ಲಿ’ ಎನ್ನುವ ಕೆಂಪು ಫಲಕ. ಅದರ ಮೇಲಿನ ಫ್ರೆಂಚ್ ಪದದ ಉಚ್ಚಾರ ‘ಅರೆ’. ಕನ್ನಡದ ಕಿವಿಗೆ ಅರ್ಧಕ್ಕೇ ನಿಲ್ಲಿ ಎಂದಂತೆ ಕೇಳಿಸುತ್ತದೆ. “ಫ್ರೆಂಚರು ಇರುವುದು ಕ್ವಿಬೆಕ್‌ನಲ್ಲಿ ಅಲ್ಲವೇ, ಇವರು ಇಲ್ಲಿಗೆ ಯಾವಾಗ ವಲಸೆ ಬಂದರು?” ಎಂಬ ಪ್ರಶ್ನೆ ಅಲ್ಲಿಯೇ ಹುಟ್ಟುತ್ತದೆ.

ವಿನ್ನಿಪೆಗ್ ನಗರವಾದದ್ದು 1873ರಲ್ಲಿ. ಪಾದ್ರಿ ಪ್ರೊವೆಂಷೆ ನದಿಯ ಈ ದಡದಲ್ಲಿ ಮಿಷನ್ ಆರಂಭಿಸಿದ್ದು 1818ರಲ್ಲಿ. ತುಪ್ಪಳದ ವ್ಯಾಪಾರಕ್ಕಾಗಿ ದೋಣಿ ನಡೆಸಿಕೊಂಡು ಬಂದ ಫ್ರೆಂಚ್ ಭಾಷಿಕರು ಅದಕ್ಕೂ ಮೊದಲೇ ಇಲ್ಲಿನ ಮೂಲನಿವಾಸಿಗಳೊಡನೆ ಸಂಸಾರ ಹೂಡಿದ್ದರು, ಅವರ ಸಂತತಿಯೇ ಮೆಟಿ ಜನಾಂಗ. ಆ ಜನಾಂಗದ ನಾಯಕ ಲೂಯಿ ರಿಯೆಲ್‌ನ ಹೋರಾಟದ ಫಲವಾಗಿ 1870ರಲ್ಲಿ ಈ ಪ್ರದೇಶ ಮ್ಯಾನಿಟೋಬಾ ಎಂಬ ಕೆನಡಾದ ಪ್ರಾಂತವಾದಾಗ, ಶಾಸನಸಭೆ ಮತ್ತು ನ್ಯಾಯಾಲಯಗಳಲ್ಲಿ ಎರಡೂ ಭಾಷೆಗಳಿಗೆ ಸ್ಥಾನ ಸಿಕ್ಕಿತು. 1885ರಲ್ಲಿ ರಿಯೆಲ್‌ನನ್ನು ಗಲ್ಲಿಗೇರಿಸಿದರು. ಐದೇ ವರ್ಷದಲ್ಲಿ, ಇಂಗ್ಲಿಷ್ ವಲಸಿಗರ ಸಂಖ್ಯೆ ಮೇಲುಗೈ ಪಡೆದಿದ್ದ ಶಾಸನಸಭೆ ಫ್ರೆಂಚಿನ ಸ್ಥಾನವನ್ನೂ ಕಿತ್ತುಹಾಕಿತು. ಶಾಲೆಗಳಲ್ಲಿ ಫ್ರೆಂಚ್ ಬೋಧನೆಯನ್ನು ನಿಲ್ಲಿಸಿದ 1916ರ ನಂತರವಂತೂ ಶಾಲಾ ತನಿಖಾಧಿಕಾರಿ ಬಂದರೆ ಫ್ರೆಂಚ್ ಪುಸ್ತಕಗಳನ್ನು ಬಚ್ಚಿಡಬೇಕಾದ ಕಾಲ ಬಂತು.

ಇಷ್ಟಾದರೂ ಭಾಷೆ ಉಳಿದದ್ದು ಚರ್ಚು, 1913ರಲ್ಲಿ ಆರಂಭವಾದ ‘ಲಾ ಲಿಬರ್ತೆ’ ಪತ್ರಿಕೆ, 1925ರ ‘ಸೆರ್ಕ್ಲ್ ಮೊಲಿಯೇರ್’ ನಾಟಕ ತಂಡ ಮತ್ತು ಅಡುಗೆಮನೆಗಳ ಬಲದಿಂದ. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಸಂಗ ಒಂದು ಪಾರ್ಕಿಂಗ್ ಚೀಟಿಯದು. ಇಲ್ಲಿನ ವಿಮಾ ಏಜೆಂಟ್ ಜಾರ್ಜ್ ಫೊರೆ 1976ರಲ್ಲಿ ತಮಗೆ ಬಂದ ದಂಡದ ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಇದೆಯೆಂದು ತಕರಾರು ತೆಗೆದರು. ದಂಡ ಕಟ್ಟಿ ಸುಮ್ಮನಿರುವುದು ಬಿಟ್ಟು ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಫ್ರೆಂಚಿನ ಸ್ಥಾನ ಕಿತ್ತುಹಾಕಿದ್ದ 1890ರ ಕಾಯ್ದೆ ಅಸಿಂಧುವೆಂದು 1979ರಲ್ಲಿ ತೀರ್ಪು ಬಂತು. ಪ್ರಾಂತದ ಕಾನೂನುಗಳೆಲ್ಲ ಎರಡೂ ಭಾಷೆಗಳಲ್ಲಿ ಇರಲೇಬೇಕೆಂಬ ಆದೇಶ 1985ರಲ್ಲಿ ಬಂದಾಗ, ಸುಮಾರು ತೊಂಬತ್ತು ವರ್ಷಗಳ ಕಾನೂನನ್ನು ಸರ್ಕಾರ ಕುಳಿತು ಅನುವಾದಿಸಬೇಕಾಯಿತು!

ರಿಯೆಲ್‌ನ ಸಮಾಧಿ ಇಲ್ಲಿನ ಕ್ಯಾಥೆಡ್ರಲ್ ಅಂಗಳದಲ್ಲಿದೆ. 1968ರ ಬೆಂಕಿಯಲ್ಲಿ ಆ ಕಟ್ಟಡ ಸುಟ್ಟಾಗ, ವಾಸ್ತುಶಿಲ್ಪಿ ಎತಿಯೆನ್ ಗಾಬೂರಿ ಉಳಿದ ಕಲ್ಲುಗೋಡೆಗಳನ್ನು ಕೆಡವದೆ ಅವುಗಳ ಒಳಗಡೆಯೇ ಪುಟ್ಟ ಹೊಸ ಚರ್ಚನ್ನು ಕಟ್ಟಿದರು. ಹಳೆಯ ಮುಂಗೋಡೆಯ ದೊಡ್ಡ ದುಂಡು ಕಿಟಕಿಯಲ್ಲಿ ಇಂದು ಗಾಜಿಲ್ಲ, ಬರಿಯ ಆಕಾಶ.

ಈಗ ಇಲ್ಲಿನ ಬೀದಿಗಳಲ್ಲಿ ಫ್ರೆಂಚಿಗಿಂತ ಇಂಗ್ಲಿಷೇ ಹೆಚ್ಚು ಕೇಳಿಸುತ್ತದೆ ಎಂಬುದನ್ನೂ ನೆಂಟರಿಗೆ ಮುಚ್ಚಿಡುವುದಿಲ್ಲ. ಕೇಳಿಸುವ ಫ್ರೆಂಚಿನಲ್ಲೂ ಒಂದು ಪಾಲು ಕಾಂಗೋ, ಐವರಿ ಕೋಸ್ಟ್ ಮುಂತಾದ ಕಡೆಗಳಿಂದ ಬಂದು ನೆಲೆಸಿದ ಕುಟುಂಬಗಳದು. ವಲಸೆ ಯಾವಾಗ ಎಂದು ಕೇಳುವುದಾದರೆ ಅವರನ್ನು ಕೇಳಬೇಕು.