ಎಲ್ಲರ ಮಾತೂ ಬಾಯಿಪಾಠ

ಮೇಷ್ಟ್ರು ಹೋದ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಕಾಗುಣಿತ ಅಲ್ಲ, ಅಮೆರಿಕನ್ ಫುಟ್‌ಬಾಲ್. ಬಾಸ್ಟನ್ ಹತ್ತಿರದ ನಮ್ಮ ಶನಿವಾರದ ಕನ್ನಡ ಶಾಲೆಯಲ್ಲಿ ಎಷ್ಟು ಒತ್ತಕ್ಷರ ಕಲಿತೆನೋ ಮರೆತೇಹೋಗಿದೆ. ನಮ್ಮೂರ ಫುಟ್‌ಬಾಲ್ ತಂಡ ಪ್ಯಾಟ್ರಿಯಟ್ಸ್‌ನ ಮೇಷ್ಟ್ರ ನೀಲಿ ಟೋಪಿ, ಅದರ ಅಂಚಿಗೆ ಮೆತ್ತಿದ ಸೀಮೆಸುಣ್ಣದ ಪುಡಿ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಸಂಕ್ರಾಂತಿ ನಾಟಕದಲ್ಲಿ ನನಗೆ ಪಾತ್ರ ಸಿಗಲಿಲ್ಲ. "ಎಲ್ಲರ ಮಾತೂ ಕಲಿ, ಯಾರು ಬರದಿದ್ದರೂ ನೀನೇ" ಅಂದರು ಮೇಷ್ಟ್ರು. ನಾನು ಮುಖ ಊದಿಸಿಕೊಂಡು ಕೂತೆ. ಮೇಷ್ಟ್ರು ಪಕ್ಕದಲ್ಲೇ ಕೂತು ಪ್ಯಾಟ್ರಿಯಟ್ಸ್ ಆಟಗಾರ ಜೂಲಿಯನ್ ಎಡೆಲ್‌ಮನ್ ಕತೆ ತೆಗೆದರು. ಕಾಲೇಜಿನಲ್ಲಿ ಅವನು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನು. 2009ರಲ್ಲಿ ಹೊಸ ಆಟಗಾರರ ಆಯ್ಕೆಯಲ್ಲಿ ಪ್ಯಾಟ್ರಿಯಟ್ಸ್ ಆರಿಸಿಕೊಂಡಿದ್ದು ಕೊನೆಯ, ಏಳನೇ ಸುತ್ತಿನಲ್ಲಿ, 232ನೆಯವನಾಗಿ. ಎಸೆದ ಚೆಂಡು ಹಿಡಿಯುವ ರಿಸೀವರ್ ಆಗು ಅಂದರು, ಆದ. ತಂಡದ ಮುಖ್ಯ ರಿಸೀವರ್ ವೆಸ್ ವೆಲ್ಕರ್ ಆಡದ ದಿನ ಜೆಟ್ಸ್ ತಂಡದ ಎದುರು ಎಂಟು ಚೆಂಡು ಹಿಡಿದ. ಎದುರಾಳಿ ಒದ್ದ ಚೆಂಡು, ಅಂದರೆ ಪಂಟ್, ಹಿಡಿದು ಓಡಿದ. 2011ರಲ್ಲಿ ಎದುರಾಳಿಗಳನ್ನು ತಡೆಯುವ ಡಿಫೆನ್ಸ್‌ಗೂ ನಿಂತ. "ತಂಡದಲ್ಲಿ ಇರೋದೇ 53 ಜನ ಕಣೋ. ಐದನೇ ರಿಸೀವರ್ ಒಂದೇ ಜಾಗ ಕಲಿತರೆ ಯಾರು ಇಟ್ಟುಕೊಳ್ತಾರೆ? ಒಳಗಿನ ಓಟವೂ ಬರಬೇಕು, ಅಂಚಿನ ಓಟವೂ ಬರಬೇಕು. ಆಗ ಒಬ್ಬ ಬಿದ್ದರೂ ಆಟ ನಿಲ್ಲಲ್ಲ."

2015ರ ಜನವರಿ 10, ಶನಿವಾರ ಸಂಜೆ ತಾಲೀಮು. ಅವತ್ತೇ ರೇವನ್ಸ್ ತಂಡದ ಜೊತೆ ಪ್ಲೇಆಫ್, ಸೋತರೆ ಮನೆಗೆ ಹೋಗುವ ಪಂದ್ಯ. ನಾವು ಮೂವರು ಕಬ್ಬಿನ ಕಟ್ಟಿನ ಹಿಂದೆ ಫೋನ್ ಬಚ್ಚಿಟ್ಟು ಕಾಮೆಂಟರಿ ಕೇಳುತ್ತಿದ್ದೆವು. ಸಿಕ್ಕಿಬಿದ್ದೆವು. ಮೇಷ್ಟ್ರು ಫೋನ್ ಕಿತ್ತುಕೊಂಡು ಮೆಲ್ಲಗೆ ಕೇಳಿದರು, "ಸ್ಕೋರ್ ಎಷ್ಟು?" 28-21, ನಾವು ಹಿಂದೆ. ಅಷ್ಟರಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಚೆಂಡನ್ನು ಪಕ್ಕಕ್ಕೆ, ಎಡೆಲ್‌ಮನ್ ಕೈಗೆ ಎಸೆದ. ಓಡುತ್ತಾನೆ ಅಂತ ಎದುರಾಳಿಗಳು ಮೇಲೆ ನುಗ್ಗಿದರು. ಅವನು ಓಡಲಿಲ್ಲ, ಎಸೆದ! 51 ಯಾರ್ಡ್, ನಮ್ಮ ಇನ್ನೊಬ್ಬ ರಿಸೀವರ್ ಡ್ಯಾನಿ ಅಮೆಂಡೋಲಾ ಹಿಡಿದ, ಕೊನೆಯ ಗೆರೆ ದಾಟಿ ಟಚ್‌ಡೌನ್. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಎಡೆಲ್‌ಮನ್‌ನ ಮೊದಲ ಪಾಸ್ ಅದು. "ಹಳೇ ಕೈ ಮರೆತಿಲ್ಲ ನೋಡ್ರೋ!" ಅಂತ ಮೇಷ್ಟ್ರ ಟೋಪಿ ಮೇಲಕ್ಕೆ ಹಾರಿತು. ಕೊನೆಗೆ 35-31ರಲ್ಲಿ ಗೆದ್ದೆವು. ತಾಲೀಮು ಅವತ್ತು ನಡೆಯಲೇ ಇಲ್ಲ.

ನಾಟಕದ ದಿನ ರಾಜನಿಗೆ ಜ್ವರ. ಕಿರೀಟ ನನ್ನ ತಲೆಗೆ ಬಂತು. ಒಂದು ಮಾತೂ ತಪ್ಪಲಿಲ್ಲ. ಮಂತ್ರಿ ತಡವರಿಸಿದಾಗ ಅವನ ಸಾಲನ್ನೂ ಪಿಸುಗುಟ್ಟಿದೆ. ಹೆಮ್ಮೆಯಿಂದಲೇ ಹೇಳುತ್ತೇನೆ, ಆ ಸಂಜೆ ನಾಟಕ ಉಳಿಸಿದ್ದು ನಾನು.

ಈಗಿನ ಮಕ್ಕಳದ್ದು ಜಾಸ್ತಿ ಆನ್‌ಲೈನ್. ಪ್ರತಿಯೊಬ್ಬರಿಗೂ ಮೂರು ಸಾಲು, ವಿಡಿಯೊ ಮಾಡಿ ಕಳಿಸಿದರೆ ಆಯ್ತು. ಪಕ್ಕದವನ ಮಾತು ಕಲಿಯುವ ಪ್ರಮೇಯವೇ ಇಲ್ಲ. ನೋಡಿದರೆ ಬೇಜಾರಾಗುತ್ತದೆ.

ಮೊನ್ನೆ ಮೇಷ್ಟ್ರ ಮನೆಗೆ ಹೋಗಿದ್ದೆ. ಅವರ ಮನೆಯವರು ಆ ನಾಟಕದ ಹಾಳೆಗಳನ್ನು ತೆಗೆದಿಟ್ಟಿದ್ದರು. ಪಾತ್ರಗಳ ಪಟ್ಟಿಯಲ್ಲಿ ನನ್ನ ಹೆಸರು ಕೊನೆಗಿತ್ತು. ಅದರ ಮುಂದೆ ಪಾತ್ರದ ಹೆಸರಿಲ್ಲ. ಮೇಷ್ಟ್ರ ದುಂಡು ಅಕ್ಷರದಲ್ಲಿ ಬರೀ 11 ಅಂತ ಬರೆದಿತ್ತು, ಎಡೆಲ್‌ಮನ್ ಅಂಗಿಯ ನಂಬರ್.