ಲೋಲಕದ ಲೆಕ್ಕ: ನಾಲ್ಕನೇ ವಾರ

ಕಳೆದ ವಾರ ಬರೆದದ್ದನ್ನು ಮೊದಲು ತಿದ್ದಬೇಕು. 'ಭಾರ ಜಾಸ್ತಿಯಾದರೆ ಲೋಲಕ ನಿಧಾನ ಆಗುತ್ತೆ' ಅಂತ ನಮ್ಮ ನೋಟ್‌ಬುಕ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆದುಬಿಟ್ಟಿದ್ದೇವೆ. ಅದು ತಪ್ಪು. ಮಕ್ಕಳ ತಪ್ಪಲ್ಲ, ನನ್ನದು.

ಮಗಳಿಗೆ ಐದು ವರ್ಷ, ಮಗನಿಗೆ ಎಂಟು. ಭಾನುವಾರಕ್ಕೊಂದು ಗಂಟೆ ಕೂತು ಏನಾದರೂ ಕೈಯಾರೆ ಮಾಡಿ ನೋಡುವುದು ಅಂತ ಶುರು ಮಾಡಿದ್ದು. ಮೊದಲ ವಾರ ಅಡುಗೆ ಸೋಡಾ ಮತ್ತು ವಿನೆಗರ್‌ನ ಜ್ವಾಲಾಮುಖಿ. ನೊರೆ ಉಕ್ಕಿತು, ಚಪ್ಪಾಳೆ ಬಿತ್ತು, ಐದು ನಿಮಿಷಕ್ಕೆ ಕತೆ ಮುಗಿಯಿತು. ನಾನು ಮಾಡಿಸಿದ ರೀತಿಯಲ್ಲಿ ಅದು ಸುಮ್ನೆ ಜಾದೂ. ಸುರಿದಿದ್ದೂ ನಾನೇ, ವಿವರಿಸಿದ್ದೂ ನಾನೇ. ಎರಡನೇ ವಾರ ಕ್ಲೇ ದೋಣಿ ವಾಸಿ. ಉಂಡೆಯಾಗಿದ್ದಾಗ ಮುಳುಗಿದ ಅದೇ ಕ್ಲೇಯನ್ನು ಬಟ್ಟಲಿನ ಹಾಗೆ ತಟ್ಟಿದರೆ ತೇಲಿತು. ಜಾಸ್ತಿ ಜಾಗ ಹಿಡಿದಷ್ಟೂ ಜಾಸ್ತಿ ನೀರನ್ನು ಪಕ್ಕಕ್ಕೆ ತಳ್ಳುತ್ತೆ, ಆ ನೀರಿನ ತೂಕದಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆತ್ತುತ್ತೆ. ಇದನ್ನೆಲ್ಲ ನಾನು ಹೇಳುವಷ್ಟರಲ್ಲಿ ಮಗಳು ನಾಲ್ಕನೇ ದೋಣಿ ಮಾಡುತ್ತಿದ್ದಳು. ಹೇಳದೇ ಇದ್ದರೂ ನಡೀತಿತ್ತು.

ಮೂರನೇ ವಾರ ಲೋಲಕ. ದಾರದ ತುದಿಗೆ ಒಂದು ಕಬ್ಬಿಣದ ನಟ್ಟು, ಇನ್ನೊಂದು ತುದಿ ಮೇಜಿನ ಅಂಚಿಗೆ. ಕಟ್ಟಿದ ಜಾಗದಿಂದ ನಟ್ಟಿನ ಮಧ್ಯದವರೆಗೆ 50 ಸೆಂಟಿಮೀಟರ್. ಹೋಗಿ ಬಂದರೆ ಒಂದು ಅಂತ ಎಣಿಕೆ. ಹತ್ತು ಸಲಕ್ಕೆ 14 ಸೆಕೆಂಡಿಗಿಂತ ಚೂರು ಜಾಸ್ತಿ ಬಂತು. ನಾಲ್ಕು ನಟ್ಟು ಹಾಕಿದರೆ? ಬೇಗ ತೂಗುತ್ತೆ ಅಂದ ಮಗ. ಮಗಳೂ ಅಣ್ಣನ ಪಕ್ಷ. ಕಟ್ಟಿ ಬಿಟ್ಟರೆ 15 ಸೆಕೆಂಡ್ ದಾಟಿತು! ಇಬ್ಬರ ಊಹೆಯೂ ಸುಳ್ಳಾಯಿತು, ನನಗೆ ಗೊತ್ತಿದ್ದದ್ದೂ ಸುಳ್ಳಾಯಿತು. ಲೋಲಕಕ್ಕೆ ಭಾರದ ಹಂಗಿಲ್ಲ ಅಂತಲ್ವಾ ನಾವು ಓದಿದ್ದು? ಮೂರು ಸಲ ಎಣಿಸಿದರೂ ಅದೇ. ಕಣ್ಣಿಗೆ ಕಂಡದ್ದನ್ನು ಬರೆಯಬೇಕು ಅಂತ ನಾನೇ ನಿಯಮ ಮಾಡಿದ್ದೆ, ಹಾಗಾಗಿ ಬರೆದೆವು.

ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು. ನಟ್ಟುಗಳನ್ನು ನಾನು ಒಂದರ ಕೆಳಗೊಂದು ಸರಪಳಿಯ ಹಾಗೆ ಕಟ್ಟಿದ್ದೆ, ಐದೈದು ಸೆಂಟಿಮೀಟರ್ ಬಿಟ್ಟು. ಭಾರ ಹೆಚ್ಚಿಸಿದೆ ಅಂದುಕೊಂಡು ಉದ್ದವನ್ನೂ ಹೆಚ್ಚಿಸಿದ್ದೆ. ಕೊನೆಯ ನಟ್ಟು 65 ಸೆಂಟಿಮೀಟರ್ ಕೆಳಗಿತ್ತು!

ಈ ವಾರ ನಾನು ಏನೂ ಹೇಳಲಿಲ್ಲ. ಕಳೆದ ವಾರದ್ದನ್ನು ಹಾಗೇ ಕಟ್ಟಿಟ್ಟು, ಪಕ್ಕದಲ್ಲಿ ಒಂದೇ ನಟ್ಟಿನದ್ದನ್ನೂ ನೇತುಹಾಕಿದೆ. 'ಎರಡರಲ್ಲೂ ಏನೇನು ಬೇರೆ ಇದೆ ನೋಡಿ' ಅಂದೆ, ಅಷ್ಟೇ. ಮಗ ಎಣಿಸುತ್ತಾ ಕೂತ. ಮಗಳು ನೆಲದ ಮೇಲೆ ಮಲಗಿ ಕೆಳಗಿನಿಂದ ನೋಡಿ, 'ಅಮ್ಮಾ, ಇದರ ಬಾಲ ಉದ್ದ' ಅಂದಳು. ನಾಲ್ಕೂ ನಟ್ಟುಗಳನ್ನು ಒಂದೇ ಗಂಟಿಗೆ ಒತ್ತಾಗಿ ಕಟ್ಟಿದೆವು. ಮತ್ತೆ 14 ಸೆಕೆಂಡ್ ಚಿಲ್ಲರೆ. ಭಾರ ನಾಲ್ಕು ಪಟ್ಟು, ಸಮಯ ಅಷ್ಟೇ. ನೋಟ್‌ಬುಕ್‌ನಲ್ಲಿ ಹಳೆಯ ಸಾಲನ್ನು ಮಗನೇ ಗೀಟು ಎಳೆದು ಹೊಡೆದ. ಅಳಿಸಬೇಡ, ಗೀಟು ಸಾಕು ಅಂದೆ.

ಇನ್ನೊಂದು ಎಚ್ಚರ: ದಾರವನ್ನು ತೀರಾ ಪಕ್ಕಕ್ಕೆಳೆದು ಬಿಡಬಾರದು. 20 ಡಿಗ್ರಿ ಒಳಗೆ ಬಿಟ್ಟರೆ ಶೇಕಡಾ 1ರಷ್ಟೂ ವ್ಯತ್ಯಾಸ ಬರಲ್ಲ. 60 ಡಿಗ್ರಿಗೆ ಎತ್ತಿದರೆ ಸಮಯ ಶೇಕಡಾ 7ರಷ್ಟು ಹೆಚ್ಚುತ್ತೆ. ಮಕ್ಕಳಿಗೋ, ಮೇಜಿನ ಎತ್ತರಕ್ಕೆ ಎಳೆದು ಬಿಡುವುದೇ ಖುಷಿ. ಮಗಳ ಮೊದಲ ನಾಲ್ಕು ಎಣಿಕೆ ಹಾಗೇ ಹಾಳಾಯಿತು.

ಮಗಳಿಗೆ ಸೆಕೆಂಡ್ ಅನ್ನುವುದು ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ. ಅದಕ್ಕೆ ಲೆಕ್ಕವನ್ನು ತಿರುಗಿಸಿದೆವು. 15 ಸೆಕೆಂಡಿಗೆ ಗಂಟೆ ಬಾರಿಸುವ ಹಾಗೆ ಮೊಬೈಲ್ ಇಟ್ಟು, ಅಷ್ಟರಲ್ಲಿ ಎಷ್ಟು ಸಲ ತೂಗಿತು ಅಂತ ಎಣಿಸುವುದು. 25 ಸೆಂಟಿಮೀಟರ್ ದಾರಕ್ಕೆ 15. 50ಕ್ಕೆ ಹತ್ತೂವರೆ. ಒಂದು ಮೀಟರ್ ದಾರವನ್ನು ಬಾಗಿಲ ಚೌಕಟ್ಟಿಗೆ ಕಟ್ಟಿದಾಗ ಏಳೂವರೆ. ಆಮೇಲೆ ಗೋಡೆಗೆ ಉದ್ದದ ಹಾಳೆ ಅಂಟಿಸಿ, ಮೇಲೆ ಸಾಲಾಗಿ 1ರಿಂದ 20ರವರೆಗೆ ಅಂಕಿ ಬರೆದು, ಆಯಾ ದಾರವನ್ನು ಬಿಚ್ಚಿ ಅದರ ಎಣಿಕೆಯ ಕೆಳಗೇ ಇಳಿಬಿಟ್ಟೆವು. ಗ್ರಾಫ್ ಅನ್ನುವ ಮಾತೇ ಬರಲಿಲ್ಲ, ಆದರೆ ಗೋಡೆ ಮೇಲೆ ಇರುವುದು ಅದೇ. ಇಳಿಜಾರು ಮೊದಲು ಕಡಿದಾಗಿದ್ದು ಆಮೇಲೆ ಮೆತ್ತಗಾಗುವುದು ಇಬ್ಬರಿಗೂ ಕಾಣುತ್ತಿತ್ತು.

'12 ಸಲ ತೂಗುವ ದಾರ ಬೇಕು' ಅಂದೆ. ಮಗಳು 12ರ ಕೆಳಗೆ ಬೆರಳಿಟ್ಟು, ಎರಡೂ ಪಕ್ಕದ ದಾರಗಳ ತುದಿ ನೋಡಿ, ಅಂದಾಜಲ್ಲಿ ಕತ್ತರಿಸಿದಳು. ಅಳೆದರೆ 39 ಸೆಂಟಿಮೀಟರ್. ನೇತುಹಾಕಿ ಎಣಿಸಿದೆವು: ಹನ್ನೆರಡು. ಲೋಲಕದ ಗಡಿಯಾರವನ್ನು 1656ರಲ್ಲಿ ಹೈಗನ್ಸ್ ಮಾಡಿದಾಗ ಎಷ್ಟು ಕುಣಿದನೋ ಗೊತ್ತಿಲ್ಲ, ನಮ್ಮ ಮನೆಯಲ್ಲಿ ಚೆನ್ನಾಗಿಯೇ ಕುಣಿದರು.

ಮಗನಿಗೆ ಹತ್ತಿದ ಹುಳ ಬೇರೆ. 25ರಿಂದ 100, ಅಂದರೆ ದಾರ ನಾಲ್ಕು ಪಟ್ಟಾಯಿತು. ಎಣಿಕೆ ಅರ್ಧ ಮಾತ್ರ ಇಳಿಯಿತು. ಮೂರನೇ ಒಂದಕ್ಕೆ ಇಳಿಸಬೇಕಾದರೆ ಒಂಬತ್ತು ಪಟ್ಟು ಬೇಕಾ ಅಂತ ಕೇಳಿದ. ಪರೀಕ್ಷೆ ಮಾಡಿ ನೋಡು ಅಂದೆ. 2 ಮೀಟರ್ 25 ಸೆಂಟಿಮೀಟರ್ ದಾರಕ್ಕೆ ಮನೆಯಲ್ಲಿ ಜಾಗವಿರುವುದು ಮೆಟ್ಟಿಲ ಕಂಬಿಯಿಂದ ಕೆಳಕ್ಕೆ ಮಾತ್ರ. ಐದು ಸಲ ಬರಬೇಕು. ಮುಂದಿನ ಭಾನುವಾರಕ್ಕೆ ಅದೇ.

ಅಷ್ಟರಲ್ಲಿ ಮಗಳು ಇನ್ನೊಂದು ಕೇಳಿದಳು: ಒಂದೇ ಒಂದು ಸಲ ತೂಗಬೇಕಾದರೆ? ಅಣ್ಣ ಕಾಗದದಲ್ಲಿ 15ನ್ನು 15ರಿಂದ ಗುಣಿಸಿ, ಮತ್ತೆ 25ರಿಂದ ಗುಣಿಸಿ, ನನ್ನ ಸಹಾಯ ತಗೊಂಡು 56 ಮೀಟರ್ ಅಂತ ಉತ್ತರ ಕೊಟ್ಟ. ಅವಳು ದಾರದ ಉಂಡೆಯನ್ನು ಕೈಯಲ್ಲಿ ತೂಗಿ ನೋಡಿ, 'ಇದು ಸಾಲಲ್ಲ' ಅಂದಳು.