ಅಜ್ಜಿಯ ಕ್ಯಾಲೆಂಡರುಗಳು: ಇಲ್ಲಿಯವರೆಗೆ ಆದ ಕೆಲಸ

ಮೇ 11

ತಿಪಟೂರಿನ ಮನೆಯ ಅಟ್ಟದಿಂದ ತಗಡಿನ ಟ್ರಂಕನ್ನು ಕೆಳಗಿಳಿಸಿ ಅಜ್ಜಿಯ ಗೋಡೆ ಕ್ಯಾಲೆಂಡರುಗಳನ್ನು ಎಣಿಸಿದ್ದಾಯಿತು. 1984ರಿಂದ 2009ರವರೆಗೆ 26 ವರ್ಷ, ಅಂದರೆ 312 ಹಾಳೆಗಳು ಇರಬೇಕಿತ್ತು. 1990ರದ್ದು ಇಡಿಯಾಗಿ ಕಾಣೆಯಾಗಿದೆ, ಬೇರೆ ಬೇರೆ ವರ್ಷಗಳ ಏಳು ಹಾಳೆಗಳನ್ನು ಗೆದ್ದಲು ತಿಂದಿದೆ, ಉಳಿದದ್ದು 293. ಎಲ್ಲವೂ ಬೆಂಗಳೂರು ಪ್ರೆಸ್ಸಿನವು. 1916ರಲ್ಲಿ ಆರಂಭವಾದ ಆ ಮುದ್ರಣಾಲಯ 1921ರಿಂದ ಹೊರತರುತ್ತಿರುವ ಕ್ಯಾಲೆಂಡರು ಹಳೇ ಮೈಸೂರಿನ ಕಡೆಯ ಅದೆಷ್ಟೋ ಮನೆಗಳಂತೆ ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೂ ವರ್ಷ ತಪ್ಪದೆ ಬಂದು ಸೇರುತ್ತಿತ್ತು. ವರ್ಷ ಮುಗಿದ ಕ್ಯಾಲೆಂಡರನ್ನು ಎಲ್ಲರೂ ಪುಸ್ತಕಕ್ಕೆ ಹೊದಿಕೆ ಹಾಕಲು ಬಳಸಿದರೆ ಅಜ್ಜಿ ಮಾತ್ರ ಸುರುಳಿ ಸುತ್ತಿ, ದಾರ ಕಟ್ಟಿ, ಕರ್ಪೂರದ ಬಿಲ್ಲೆಯೊಂದಿಗೆ ಟ್ರಂಕಿನಲ್ಲಿ ಇಡುತ್ತಿದ್ದರು.

ಕಳೆದ ಸಲದ ತಿಥಿಯ ದಿನ ಊಟವಾದ ಮೇಲೆ ನೆಂಟರೆಲ್ಲ ಒಬ್ಬರಾದ ಮೇಲೊಬ್ಬರು ಅಜ್ಜಿಯನ್ನು "ತ್ಯಾಗಮಯಿ" ಎಂದು ಕೊಂಡಾಡಿದರು. ತಾತನನ್ನು ಎಂಟು ವರ್ಷ ಹಾಸಿಗೆಯಲ್ಲಿ ನೋಡಿಕೊಂಡರು, ಮೂವರು ಹೆಣ್ಣುಮಕ್ಕಳ ಬಾಣಂತನ ಮಾಡಿದರು, ಏಳು ಮೊಮ್ಮಕ್ಕಳನ್ನು ಎತ್ತಿ ಆಡಿಸಿದರು, ಇವೆಲ್ಲ ನಿಜವೇ. ಆದರೆ ಯಾವ ದಿನ ಏನು ಮಾಡಿದರು, ಹೇಗೆ ಮಾಡಿದರು ಎಂದು ಕೇಳಿದರೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಹಾಳೆಗಳನ್ನೆಲ್ಲ ಛಾಯಾಚಿತ್ರ ತೆಗೆದು, ದಿನಾಂಕದ ಮಗ್ಗುಲಲ್ಲಿ ಅವರು ಬರೆದ ಪ್ರತಿಯೊಂದು ಗುರುತನ್ನೂ ಎಕ್ಸೆಲ್ಲಿಗೆ ಇಳಿಸುವ ಈ ಕೆಲಸವನ್ನು ಹಿಡಿದದ್ದು ಆ ಕಾರಣಕ್ಕೆ.

ಮೇ 25

ಛಾಯಾಚಿತ್ರದ ಕೆಲಸ ಮುಗಿಯಿತು. ಸ್ಕ್ಯಾನರಿಗೆ ಹಾಳೆ ಹಿಡಿಸದ ಕಾರಣ, ಉತ್ತರದ ಕಿಟಕಿಯ ಬೆಳಕಿನಲ್ಲಿ ನೆಲದ ಮೇಲೆ ಬಿಳಿಯ ಪಂಚೆ ಹಾಸಿ, ಸುರುಳಿಗೊಳ್ಳುವ ಹಾಳೆಯ ನಾಲ್ಕು ಮೂಲೆಗೂ ಕೊಬ್ಬರಿ ಗಿಟುಕುಗಳನ್ನು ಭಾರವಾಗಿ ಇಟ್ಟು, ಮೊಬೈಲಿನಲ್ಲೇ ತೆಗೆದೆ. (ತಿಪಟೂರಿನ ಮನೆಯಲ್ಲಿ ಇದಕ್ಕಿಂತ ಸುಲಭವಾಗಿ ಕೈಗೆ ಸಿಗುವ ವಸ್ತು ಇನ್ನೊಂದಿಲ್ಲ.)

ಒಂದು ಹಾಳೆ ಮಾತ್ರ ತೊಂದರೆ ಕೊಟ್ಟಿತು. ಏಪ್ರಿಲ್ ತಿಂಗಳದ್ದೆಂದು ಗೊತ್ತಾಗುತ್ತದೆ, ಆದರೆ ವರ್ಷ ಮುದ್ರಿಸಿದ್ದ ಮೇಲ್ಭಾಗ ಹರಿದುಹೋಗಿದೆ. ಒಂದನೇ ತಾರೀಖು ಶನಿವಾರ. 1989, 1995, 2000 ಮತ್ತು 2006ರಲ್ಲಿ ಏಪ್ರಿಲ್ 1 ಶನಿವಾರ ಬಂದಿತ್ತು, ಹಾಗಾಗಿ ವಾರದಿಂದ ತೀರ್ಮಾನವಾಗಲಿಲ್ಲ. ಯುಗಾದಿ ಕೈಹಿಡಿಯಿತು: ಈ ಹಾಳೆಯಲ್ಲಿ ಹಬ್ಬ ಬಿದ್ದಿರುವುದು ಒಂದನೇ ತಾರೀಖಿನಂದು, 2006ರಲ್ಲಿ ಅದು ಮಾರ್ಚ್ 30ಕ್ಕೇ ಮುಗಿದಿತ್ತು, 1989ರಲ್ಲಿಯೂ 2000ದಲ್ಲಿಯೂ ಒಂದನೇ ತಾರೀಖಿಗೆ ಇನ್ನೂ ಬಂದಿರಲಿಲ್ಲ. ಆದ್ದರಿಂದ ಇದು 1995, ಯುವ ಸಂವತ್ಸರದ ಹಾಳೆ.

ಜೂನ್ 15

ಒಂದು ದೊಡ್ಡ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅಜ್ಜಿ ಹಾಲಿನ ಲೆಕ್ಕವನ್ನು ಪೆನ್ಸಿಲಿನಲ್ಲಿಯೂ ಉಳಿದದ್ದನ್ನು ನೀಲಿ ಬಾಲ್‌ಪೆನ್ನಿನಲ್ಲಿಯೂ ಬರೆಯುತ್ತಿದ್ದರು. 1993ರ ಆಗಸ್ಟಿನ ನಂತರ ಪ್ರತಿದಿನವೂ ನೀಲಿ ಶಾಯಿಯಲ್ಲಿ "14-8" ಎಂಬ ಅಂಕಿ, ಅದರ ಮುಂದೆ ಒಂದು ದಿನ "ಎ", ಮರುದಿನ "ಬ" ಎಂಬ ಅಕ್ಷರ ಕಾಣಿಸುತ್ತದೆ. ಶಾಯಿಯ ಬಣ್ಣವನ್ನು ಗಮನಿಸದೆ ನಾನು ಅಂಕಿಗಳನ್ನು ಹಾಲಿನ ಕಲಮಿಗೆ, "ಎ" ಅಕ್ಷರವನ್ನು ಎಣ್ಣೆನೀರಿನ ಕಲಮಿಗೆ ಸೇರಿಸುತ್ತಾ ಎರಡು ವರ್ಷಗಳಷ್ಟು ಹಾಳೆಗಳನ್ನು ಮುಗಿಸಿಬಿಟ್ಟಿದ್ದೆ. ದಿನ ಬಿಟ್ಟು ದಿನ ಎಣ್ಣೆನೀರು ಹಾಕಿಕೊಳ್ಳುವ ಮನೆ ಎಲ್ಲಿಯಾದರೂ ಉಂಟೇ ಎಂಬ ಸಂಶಯ ತಡವಾಗಿ ಬಂದಿತು.

ಬೀಗದ ಕೈಯಾಗಿ ಒದಗಿದ್ದು ಒಂದು ಸಣ್ಣ ನಕ್ಷತ್ರದ ಗುರುತು. ಅದು 17 ಅಥವಾ 18 ದಿನಗಳಿಗೊಮ್ಮೆ ಬರುತ್ತದೆ, ಆ ಅಂತರದಲ್ಲಿ ಯಾವ ಹಾಲಿನವನೂ ಲೆಕ್ಕ ಚುಕ್ತಾ ಮಾಡಿಸಿಕೊಳ್ಳುವುದಿಲ್ಲ. ತಾತನಿಗೆ ಲಕ್ವ ಹೊಡೆದದ್ದು 1993ರಲ್ಲಿ. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಆಗಿನ ಇನ್ಸುಲಿನ್ ಸೀಸೆಯಲ್ಲಿ ಮಿಲಿಲೀಟರಿಗೆ 40 ಯೂನಿಟ್, ಹತ್ತು ಮಿಲಿಲೀಟರಿನ ಸೀಸೆಗೆ 400 ಯೂನಿಟ್. ಬೆಳಿಗ್ಗೆ 14, ರಾತ್ರಿ 8, ಒಟ್ಟು ದಿನಕ್ಕೆ 22ರಂತೆ ಭಾಗಿಸಿದರೆ ಸೀಸೆ 18 ದಿನ ಬರುತ್ತದೆ. ನಕ್ಷತ್ರವೆಂದರೆ ಹೊಸ ಸೀಸೆ ಒಡೆದ ದಿನ.

ಚಿಕ್ಕಮ್ಮನಿಗೆ ಫೋನ್ ಮಾಡಿ ಕೇಳಿದಾಗ ಉಳಿದ ಗಂಟೂ ಬಿಚ್ಚಿಕೊಂಡಿತು.

"ಅಯ್ಯೋ, ಎಡ ತೊಡೆ, ಬಲ ತೊಡೆ ಕಣೋ! ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟುತ್ತದೆ ಅಂತ ಡಾಕ್ಟರು ಹೇಳಿದ್ದರು. ಅಮ್ಮ ಅದನ್ನು ಒಂದು ದಿನವೂ ತಪ್ಪಿಸಲಿಲ್ಲ."

ಗಂಟು ಕಟ್ಟಿದ ಜಾಗದಲ್ಲಿ ಔಷಧಿ ಸರಿಯಾಗಿ ಮೈಗೆ ಹಿಡಿಯುವುದಿಲ್ಲವಾದ್ದರಿಂದ ಜಾಗ ಬದಲಿಸುವುದು ಇಂದಿಗೂ ಪಾಲಿಸಬೇಕಾದ ಕ್ರಮ. ಮನೆಗೆ ಫ್ರಿಜ್ ಬಂದದ್ದು 1997ರಲ್ಲಿ. ಅದಕ್ಕೆ ಮೊದಲು ಅಡುಗೆಮನೆಯ ಮೂಲೆಯಲ್ಲಿ ಒದ್ದೆ ಮರಳಿನ ಮೇಲೆ ಪುಟ್ಟ ಮಣ್ಣಿನ ಕುಡಿಕೆಯನ್ನು ಕೂರಿಸಿ, ಸೀಸೆಯನ್ನು ಅದರೊಳಗಿಟ್ಟು, ಮೇಲೆ ಹಿತ್ತಾಳೆಯ ತಟ್ಟೆ ಮುಚ್ಚುತ್ತಿದ್ದುದು ನನಗೂ ಮಸುಕಾಗಿ ನೆನಪಿದೆ. ಅದನ್ನು ಮುಟ್ಟಿದ್ದಕ್ಕೆ ಬೈಸಿಕೊಂಡದ್ದಂತೂ ಚೆನ್ನಾಗಿಯೇ ನೆನಪಿದೆ. ಚುಚ್ಚುವ ಮೊದಲು ಅವರು ಸೀಸೆಯನ್ನು ಅಲ್ಲಾಡಿಸದೆ ಎರಡು ಅಂಗೈಗಳ ನಡುವೆ ಬತ್ತಿ ಹೊಸೆಯುವಂತೆ ನಿಧಾನವಾಗಿ ಉರುಳಿಸುತ್ತಿದ್ದರು, ಮಸುಕು ಔಷಧಿ ನೊರೆ ಕಟ್ಟದೆ ಬೆರೆಯಬೇಕಾದರೆ ಮಾಡಬೇಕಾದದ್ದೂ ಅದನ್ನೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಇಷ್ಟನ್ನೂ ಸರಕಾರಿ ಆಸ್ಪತ್ರೆಯ ನರ್ಸ್ ಒಬ್ಬರಿಂದ ಒಂದೇ ಮಧ್ಯಾಹ್ನದಲ್ಲಿ ಕಲಿತರಂತೆ. ಇದನ್ನು ತ್ಯಾಗವೆಂದು ಮಾತ್ರ ಕರೆದರೆ ಅವರ ವಿದ್ಯೆಗೆ ಅನ್ಯಾಯವಾಗುತ್ತದೆ ಎಂದು ನನಗೆ ಅನಿಸತೊಡಗಿದೆ.

ಎರಡು ವರ್ಷಗಳ ತಪ್ಪು ಸಾಲುಗಳನ್ನು ಅಳಿಸಿ ಮತ್ತೆ ತುಂಬಲು ಒಂಬತ್ತು ಸಂಜೆಗಳು ಹಿಡಿದವು.

ಜೂನ್ 29

ಬಾಣಂತನದ ಹಾಳೆಗಳು ಸಲೀಸಾಗಿ ಸಾಗಿದವು. ಹೆರಿಗೆಯ ದಿನದಿಂದ ಒಂದು, ಎರಡು ಎಂದು ನಲವತ್ತರವರೆಗೆ ಎಣಿಕೆ, ನಡುವೆ "ಎ.ನೀ" ಎಂಬ ಗುರುತು (ಇದು ನಿಜವಾದ ಎಣ್ಣೆನೀರು), ಅಲ್ಲಲ್ಲಿ ಬೆಳ್ಳುಳ್ಳಿ, ಮೆಂತ್ಯ, ಬೆಲ್ಲದ ಖರ್ಚು. ನಾನು ಹುಟ್ಟಿದ ದಿನದ ಮಗ್ಗುಲಲ್ಲಿ "ಗಂಡು. ಹಾಲು ½ ಜಾಸ್ತಿ" ಎಂದಷ್ಟೇ ಇದೆ.

ಜುಲೈ 13

"ಚೌ" ಎಂಬ ಗುರುತು ಒಂದು ತಿಂಗಳಿನಿಂದ ಕಾಡುತ್ತಿತ್ತು. 1988ರಿಂದ ಕೊನೆಯ ವರ್ಷದವರೆಗೆ ವಾರಕ್ಕೊಮ್ಮೆಯೋ ಎರಡು ಸಲವೋ ಬರುತ್ತದೆ, ಜೊತೆಗೆ "2-1", "3-0" ಎಂಬ ಅಂಕಿಗಳು. ಸಂಕಷ್ಟ ಚತುರ್ಥಿಯ ಉಪವಾಸವಿರಬಹುದೆಂದು ಊಹಿಸಿ ತಿಥಿಗಳೊಂದಿಗೆ ತಾಳೆ ನೋಡಿದರೆ ಒಂದಕ್ಕೊಂದು ಹೊಂದಲಿಲ್ಲ. ಚೀಟಿಯ ಕಂತು ಇರಬಹುದೆಂದರೆ ಅದಕ್ಕೆ "ಚೀ 50" ಎಂದು ಬೇರೆ ಗುರುತೇ ಇದೆ.

ಈ ಸಲ ಊರಿಗೆ ಹೋದಾಗ ಟ್ರಂಕಿನ ತಳದಲ್ಲಿ ಸೀರೆಯ ಸೆರಗಿನಿಂದ ಹೊಲಿದ ಒಂದು ಚೀಲ ಸಿಕ್ಕಿತು. ಅದರೊಳಗೆ ಐದು ಕವಡೆಗಳು, ಒಡೆದ ಬಳೆಯ ಚೂರುಗಳು ಮತ್ತು ಒಂದು ಬದಿಯನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದ ಹುಣಸೆಬೀಜಗಳಿದ್ದವು. ಚೌಕಾಬಾರ! ಐದು ಮನೆಗೆ ಐದು ಮನೆಯ ಚೌಕ ಬರೆದು, ನಾಲ್ಕು ಕವಡೆ ಎಸೆದು, ಚೌಕಕ್ಕೆ ನಾಲ್ಕು, ಬಾರಕ್ಕೆ ಎಂಟು ಎಂದು ಕಾಯಿ ನಡೆಸುವ ಆಟ. ಐದನೇ ಕವಡೆ ಕಳೆದುಹೋದರೆ ಇರಲೆಂದು ಇಟ್ಟುಕೊಂಡದ್ದಿರಬೇಕು. ಪಕ್ಕದ ಮನೆಯಲ್ಲಿದ್ದ ನಿವೃತ್ತ ಟೀಚರಮ್ಮನವರ ಜೊತೆ ಅಜ್ಜಿ ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗೆ ಆಡುತ್ತಿದ್ದರೆಂದೂ, ತಾತ ಹಾಸಿಗೆ ಹಿಡಿದ ಮೇಲೆ ಆಟವನ್ನು ಅವರ ಮಂಚದ ಪಕ್ಕದ ನೆಲಕ್ಕೆ ಬದಲಾಯಿಸಿಕೊಂಡರೆಂದೂ, ಮಾತು ನಿಂತಿದ್ದ ತಾತ ಬಾರ ಬಿದ್ದಾಗ ಎಡಗೈಯಿಂದ ಮಂಚ ತಟ್ಟುತ್ತಿದ್ದರೆಂದೂ ಚಿಕ್ಕಮ್ಮ ಹೇಳಿದರು. ತಮಗಾಗಿ ಏನನ್ನೂ ಬಯಸಲಿಲ್ಲ ಎಂಬ ನೆಂಟರ ಮಾತನ್ನು ಮುಂದಿನ ತಿಥಿಯಂದು ನಾನು ತಿದ್ದುವವನಿದ್ದೇನೆ.

ಜುಲೈ 20

ಇವತ್ತು ಇಳಿಸಿಕೊಂಡ ಹಾಳೆಗಳಲ್ಲಿ 1995ರ ಅಕ್ಟೋಬರ್ ಇತ್ತು. 24ನೇ ತಾರೀಖು ಮಂಗಳವಾರ, ಬೆಳಗಿನ ಹೊತ್ತು ಸೂರ್ಯಗ್ರಹಣ. ಉತ್ತರ ಭಾರತದಲ್ಲಿ ಪೂರ್ಣವಾಗಿ, ನಮ್ಮ ಕಡೆ ಭಾಗಶಃ ಕಂಡ ಆ ಗ್ರಹಣದ ದಿನ ಬೀದಿಯೇ ಬಿಕೋ ಎನ್ನುತ್ತಿತ್ತು. ಮೋಕ್ಷವಾಗಿ ಸ್ನಾನವಾಗುವವರೆಗೆ ನಮ್ಮ ಮನೆಯಲ್ಲಿ ಯಾರೂ ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ, ಅಜ್ಜಿಯಂತೂ ಆ ವಿಷಯದಲ್ಲಿ ಬಲು ಕಟ್ಟುನಿಟ್ಟು. ಆದರೆ ಇನ್ಸುಲಿನ್ ಕೊಟ್ಟ ಮೇಲೆ ಹೊಟ್ಟೆಗೆ ಹಾಕದಿದ್ದರೆ ಸಕ್ಕರೆ ಇಳಿದು ಪ್ರಾಣಕ್ಕೇ ಬರುತ್ತದೆ. ಚುಚ್ಚುವುದನ್ನು ಬಿಟ್ಟರೆ ಸಕ್ಕರೆ ಏರುತ್ತದೆ. ಆ ದಿನದ ಮನೆಯಲ್ಲಿ ಅವರ ಪುಟ್ಟ ಅಕ್ಷರಗಳಲ್ಲಿ ಹೀಗಿದೆ: "ಗ್ರಹಣ. 14-8 ಬ. ಇವರಿಗೆ 7.30ಕ್ಕೆ ಇಡ್ಲಿ 2. ನಾವು ಆಮೇಲೆ." ಅದರ ಕೆಳಗೆ, ಜಾಗ ಸಾಲದೆ ಅಡ್ಡಲಾಗಿ: "ಚೌ 3-1."

ಇಲ್ಲಿಗೆ 188 ಹಾಳೆಗಳು ಮುಗಿದಿವೆ, 105 ಬಾಕಿ. ಮೊದಲ ಅಂಕಿ ಅಜ್ಜಿಯದು, ಎರಡನೆಯದು ಟೀಚರಮ್ಮನವರದು ಎಂದು ಚಿಕ್ಕಮ್ಮ ಖಚಿತಪಡಿಸಿದ್ದರಿಂದ ಆಟಕ್ಕೂ ಒಂದು ಕಲಮು ತೆರೆದಿದ್ದೇನೆ. ಸದ್ಯಕ್ಕೆ ಅಜ್ಜಿ 31 ಆಟಗಳಷ್ಟು ಮುಂದಿದ್ದಾರೆ. 1990ರ ಕ್ಯಾಲೆಂಡರು ದೊಡ್ಡಮ್ಮನ ಮನೆಯಲ್ಲಿ ಇರಬಹುದೆಂದು ಸುಳಿವು ಸಿಕ್ಕಿದೆ; ಬರುವ ಭಾನುವಾರ ಅಲ್ಲಿಗೆ ಹೋಗಿ ಹುಡುಕುವುದಿದೆ.